ಗಂಧ ಒಡೆಯದ ಗುಂಡಿ

ಮೆಕ್ಯಾನಿಕ್ ಚಲುವಯ್ಯನ ರಕ್ತ ಡ್ರಮ್ಮಿನ ಮೇಲೆ ಇನ್ನೂ ಒಣಗಿರಲಿಲ್ಲ. ಕಾಫಿ ಒಣಗಿಸುವ ಯಂತ್ರವನ್ನು ಪರೀಕ್ಷಿಸುವಾಗ ಡ್ರಮ್ಮನ್ನು ಹಿಡಿದಿಡುವ ಪಿನ್ನು ತುಂಡಾಗಿ ಅವನ ಕೈ ಸಿಕ್ಕಿಕೊಂಡಿತ್ತು; ಆಗಲೇ ಆಸ್ಪತ್ರೆಗೆ ಸಾಗಿಸಿದ್ದರು. ಹೊಸ ಪಿನ್ನು ಸಿಗದೆ ಅವನು ಸವೆದದ್ದನ್ನೇ ಹಾಕಿದ್ದ.

"ಪಿನ್ನು ತರಿಸೋದು ಬೇಡ ಅಂದಿದ್ದು ನಿನ್ನ ಪಟ್ಟಿ," ಎಂದರು ಆ ಯಂತ್ರಗಳನ್ನು ತಯಾರಿಸುವ ಕೆ. ಹೊಸಕೋಟೆಯ ಕಾರ್ಖಾನೆಯ ಒಡತಿ ಹೇಮಶ್ರೀ.

ಪಟ್ಟಿ ಆಫೀಸಿನ ಚಂದ್ರಿಕಾಳದು. ಯಾವ ಭಾಗ ಎಷ್ಟು ಬೇಕೆಂಬ ಲೆಕ್ಕ ಒಂದೇ ಕಂಪ್ಯೂಟರಿನಲ್ಲಿ ಒಂಬತ್ತು ಗಂಟೆ ಹಿಡಿಯುತ್ತಿತ್ತು. ಅದನ್ನು ನಾಲ್ಕು ಪಾಲು ಮಾಡಿ, ನಾಲ್ಕು ಕಂಪ್ಯೂಟರುಗಳಲ್ಲಿ ಒಟ್ಟಿಗೇ ಓಡಿಸಿ, ಮೂರು ಗಂಟೆಗೆ ಇಳಿಸಿದವಳು ಅವಳು. ಮೂರು ಆಫೀಸಿನಲ್ಲಿದ್ದವು. ನಾಲ್ಕನೆಯದು ಸ್ಟೋರಿನಲ್ಲಿ, ಪಿನ್ನುಗಳ ಲೆಕ್ಕವಿದ್ದ ಅದರ ಪಾಲನ್ನು ಸ್ಟೋರ್‌ಕೀಪರ್ ಮೃತ್ಯುಂಜಯ ಫ್ಲಾಪಿಯಲ್ಲಿ ತಂದುಕೊಡುತ್ತಿದ್ದ.

ಇಂಥದೇ ಇನ್ನೊಂದು ಯಂತ್ರ ಹೆತ್ತೂರಿನ ಎಸ್ಟೇಟಿಗೆ ಹೋಗಿತ್ತು. ಹನ್ನೊಂದಕ್ಕೆ ಅಲ್ಲಿ ಚಾಲೂ ಮಾಡುವವರಿದ್ದರು. ಆಗಲೇ ಹತ್ತೂಮುಕ್ಕಾಲು.

"ಅದ್ಕೆ ಹೊಸ ಪಿನ್ನೇ ಕೊಟ್ಟಿದ್ದೆ ಕಣಮ್ಮಾ," ಎಂದ ಮೃತ್ಯುಂಜಯ. ಸುಮ್ಮನೆ ಫೋನು ಮಾಡಿ ನಿಲ್ಲಿಸಿದರೆ ಮಾನ ಹೋಗುತ್ತದೆಂದು ಹೇಮಶ್ರೀ ಹಿಂಜರಿದರು.

ಗದ್ದಲ ಕೇಳಿ ಪಕ್ಕದ ಕ್ವಾರ್ಟರ್ಸಿನಿಂದ ಬಂದಿದ್ದ ನಿವೃತ್ತ ಪೊಲೀಸ್ ದಫೇದಾರ ಪರಮಶಿವಯ್ಯ ಎಲ್ಲರನ್ನೂ ಸ್ಟೋರಿಗೆ ಕರೆದೊಯ್ದರು. ಅಲ್ಲಿನ ಕಂಪ್ಯೂಟರಿಗೆ ಬಾಡಿದ ಸೇವಂತಿಗೆ ಹಾರ. ಆನ್ ಮಾಡುವ ಗುಂಡಿಯ ಮೇಲೆಲ್ಲ ಒಣಗಿದ ಗಂಧ, ಕುಂಕುಮ.

"ಈ ಕಂಪ್ಯೂಟರ್ ಯಾವಾಗ ಆನ್ ಮಾಡ್ತೀರವ್ವಾ?" ಎಂದು ಚಂದ್ರಿಕಾಳನ್ನು ಕೇಳಿದರು.

"ಪಟ್ಟಿ ತೆಗೆಯೋ ದಿನ ಮಾತ್ರ. ಹೋದ ವಾರ, ಆಯುಧಪೂಜೆ ಸಂಜೆ. ಅವತ್ತೇ ಪಟ್ಟಿ ಬೇಕಿತ್ತು. ಆಫೀಸಿನವಕ್ಕೆ ಲೆಕ್ಕ ಮುಗಿಸಿ ಪೂಜೆ ಮಾಡಿದ್ವಿ."

"ಇಲ್ಲಿ ಪೂಜೆ ಯಾವಾಗ ಮಾಡ್ದೆ, ಮೃತ್ಯುಂಜಯ?"

"ಬೆಳಿಗ್ಗೇನೇ."

ಪರಮಶಿವಯ್ಯ ಗುಂಡಿ ಒತ್ತಿದರು. ಗಂಧ ಪಟ್ಟನೆ ಒಡೆದು ಪುಡಿಯುದುರಿತು. "ಬೆಳಿಗ್ಗೆ ಹಚ್ಚಿದ ಗಂಧ ಸಂಜೆ ಒತ್ತಿದ್ರೆ ಆವತ್ತೇ ಒಡೀಬೇಕಿತ್ತು. ಇದು ಓಡೇ ಇಲ್ಲ. ಹಾಗಾದ್ರೆ ನೀನು ಕೊಟ್ಟ ಫ್ಲಾಪಿ ಹೋದ ತಿಂಗಳದ್ದು. ಅದ್ರ ಲೆಕ್ಕದಲ್ಲಿ ಪಿನ್ನು ಐತೆ, ಕಪಾಟಲ್ಲಿ ಇಲ್ಲ. ಇದ್ದಿದ್ರೆ ಚಲುವಯ್ಯ ಹಳೇದ್ಯಾಕೆ ಹಾಕ್ತಿದ್ದ? ಹೆತ್ತೂರಿಗೆ ಹೊಸದು ಎಲ್ಲಿಂದ ಬಂತಯ್ಯಾ?"

ಮೃತ್ಯುಂಜಯ ಕುಸಿದು ಕೂತ. "ಪೂಜೆ ಆದ ಯಂತ್ರ ಅವತ್ತೇ ಓಡ್ಸಿದ್ರೆ ರಕ್ತ ಕೇಳ್ತದೆ ಅಂತ ಹೆದರ್ಬುಟ್ಟೆ. ಹೆತ್ತೂರಿನದಕ್ಕೂ ಹಳೇದೇ ಹಾಕ್ಸಿದ್ದು, ಅಮ್ಮಾ."

ಹೇಮಶ್ರೀ ಫೋನಿಗೆ ಓಡಿದರು. ಗಂಟೆ ಹೊಡೆಯುತ್ತಲೇ ಇತ್ತು, ಎತ್ತುವವರಿಲ್ಲ. ಹನ್ನೊಂದಕ್ಕೆ ಎರಡು ನಿಮಿಷವಿತ್ತು. ಕೊನೆಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಎತ್ತಿದ: "ಸ್ವಿಚ್ಚಿಗೆ ಕೈ ಹಾಕಿದ್ದೆ, ನೀವು ಕರೆದ್ರಿ."

ಯಂತ್ರ ಚಾಲೂ ಮಾಡಬೇಡಿ ಎಂದು ಹೇಮಶ್ರೀ ಹೇಳಿದ ಮೇಲೆ ಎಲ್ಲರೂ ಉಸಿರುಬಿಟ್ಟರು. ಚಂದ್ರಿಕಾ ಮಾತ್ರ ಆ ಫ್ಲಾಪಿಯನ್ನು ತನ್ನ ಕಂಪ್ಯೂಟರಿಗೆ ಹಾಕಿ ನೋಡಿದಳು. ಹೋದ ತಿಂಗಳ ತಾರೀಕು ಅದರಲ್ಲಿ ಸ್ಪಷ್ಟವಾಗಿತ್ತು. ಬೇಗ ಮುಗಿಸುವ ಹುಮ್ಮಸ್ಸಿನಲ್ಲಿ ಅವಳು ಅದನ್ನು ನೋಡಿಯೇ ಇರಲಿಲ್ಲ.

"ಆಸ್ಪತ್ರೆಗೆ ನಾನೂ ಬರ್ತೀನಿ," ಎಂದಳು. "ಚಲುವಯ್ಯಂಗೆ ಇದನ್ನ ನಾನೇ ಹೇಳ್ಬೇಕು."