ಚೂಡಾಮಣಿ ಸುತ್ತಿದ ಹತ್ತಿ

“ತಗೊಂಡು ಹೋಗಿ. ಆದ್ರೆ ತಂತಿಯ ಮೇಲಿನ ಆ ಹತ್ತಿ ಮಾತ್ರ ಬಿಚ್ಚುದು ಬೇಡ ಮಾಸ್ಟ್ರೆ,” ಎಂದಳು ಎಡ್ನಾ, ವಾದ್ಯವನ್ನು ಮುಟ್ಟದೆಯೇ. “ಚೂಡಾಮಣಿಯಮ್ಮ ಮೂರು ದಿವಸ ಊಟ ಬಿಟ್ಟು, ಏನೋ ಹೇಳಿಕೊಳ್ತಾ ಸುತ್ತಿದ್ದು ಅದು.”

ಗಿರಿಧರ್ ನಕ್ಕ. ಸಂಗೀತ ಕಲಿಸುವವರೂ ಮಾಟ ಮಾಡುತ್ತಾರೆಯೇ ಎಂದು ಕೇಳಿದ. ಎಡ್ನಾ ಬಾಗಿಲು ತೆರೆದು ಹಿಡಿದಳು.

ಕತಾರಿನ ದೋಹಾ ಅಲ್ ಜದೀದಾದ ಆ ಇಕ್ಕಟ್ಟಾದ ಫ್ಲ್ಯಾಟಿನಲ್ಲಿ ಚೂಡಾಮಣಿ ಅವಳೊಂದಿಗೆ ಎಂಟು ವರ್ಷ ಇದ್ದಾಕೆ. ಶಾಲೆಯೊಂದರ ಸಂಗೀತ ಶಿಕ್ಷಕಿ. ಮೈಸೂರಿನಿಂದ ಆಕೆಗೆ ಸಹಾಯಕನಾಗಿ ಬಂದ ಗಿರಿಧರ್, ನಾಲ್ಕೇ ತಿಂಗಳಲ್ಲಿ ಆಕೆಯ ಕುರ್ಚಿಯಲ್ಲಿ ಕೂತಿದ್ದ. ಆಕೆಗೆ ಕಿವಿ ಮಂದವಾಗಿದೆ, ಮಕ್ಕಳ ಅಪಸ್ವರ ಕೇಳಿಸುವುದಿಲ್ಲ ಎಂದು ಶಾಲೆಯ ಆಡಳಿತಕ್ಕೆ ಗುಟ್ಟಾಗಿ ಪತ್ರ ಬರೆದಿದ್ದ. ಹಸಿ ಸುಳ್ಳು. ಆಕೆಯ ವೀಸಾ ರದ್ದಾಯಿತು. ಹೊರಡುವಾಗ ಹರ್ಡಿ-ಗರ್ಡಿಯನ್ನು ಬಿಟ್ಟುಹೋದಳು. ಹಿಡಿಕೆ ತಿರುಗಿಸಿದರೆ ಮರದ ಚಕ್ರವೊಂದು ತಂತಿಗಳನ್ನು ಉಜ್ಜಿ ಹಾಡಿಸುವ ಪರದೇಶದ ವಾದ್ಯ ಅದು. ಮೇಷ್ಟ್ರು ಅವರಾಗೇ ಕೇಳಿಕೊಂಡು ಬರುತ್ತಾರೆ, ಕೊಡು ಎಂದಷ್ಟೇ ಎಡ್ನಾಳಿಗೆ ಹೇಳಿದ್ದಳಂತೆ. ಶಾಲೆಯ ವಾರ್ಷಿಕೋತ್ಸವಕ್ಕೆ ಬೇಕೆಂದು ಗಿರಿಧರ್ ಕೇಳಿಕೊಂಡು ಬಂದಿದ್ದ.

ಶುಕ್ರವಾರ ಮಧ್ಯಾಹ್ನ, ಗಿರಿಧರನ ಮನೆಯಿದ್ದ ಅಲ್ ರಯ್ಯಾನಿನ ಮೇಲೆ ಧೂಳಿನ ಬಿರುಗಾಳಿ ಎದ್ದಿತ್ತು. ಕಿಟಕಿಯಾಚೆ ಸೂರ್ಯ ಸತ್ತುಹೋಗಿ ಮನೆಯೊಳಗೆ ಕಂದು ಕತ್ತಲೆ ತುಂಬಿತ್ತು. ಹೆಂಡತಿ ರಶ್ಮಿತಾ ಅಡುಗೆಮನೆಯಲ್ಲಿದ್ದಳು. ಗಿರಿಧರ್ ಹಿಡಿಕೆ ತಿರುಗಿಸಿದ. ಮೊದಲ ತಂತಿಯ ಸ್ವರದ ಮೇಲೆ ಇನ್ನೊಂದು ಸ್ವರ ಹತ್ತಿ ಕೂತಿತ್ತು. ತೆಳ್ಳಗಿನ, ಹಲ್ಲು ಜುಮ್ಮೆನ್ನಿಸುವ ಸೀಟಿ. ಚಕ್ರಕ್ಕೆ ರಾಳ ಸವರಿದ. ಹೋಗಲಿಲ್ಲ. ತಂತಿಯ ಒತ್ತಡ ತಗ್ಗಿಸಲು ತಂತಿಗಳನ್ನು ಎತ್ತಿಹಿಡಿಯುವ ಮರದ ಕುದುರೆಯ ಮೇಲೆ, ತಂತಿಯ ಅಡಿಗೆ, ಕಾಗದದ ಚೂರು ಇಟ್ಟ. ಹೋಗಲಿಲ್ಲ. ತಂತಿ ಚಕ್ರಕ್ಕೆ ತಾಗುವಲ್ಲಿ ಸುತ್ತಿದ ಹತ್ತಿ ಗಟ್ಟಿಯಾಗಿ ಕಪ್ಪಿಟ್ಟಿತ್ತು. ಉಗುರಿನಿಂದ ಕಿತ್ತ.

ಹತ್ತಿಯೊಳಗೆ ನರೆಗೂದಲು. ಸುಟ್ಟ ಕೂದಲಿನ ನಾತ ಮೂಗಿಗೆ ಅಡರಿತು. ಅಸಹ್ಯಪಟ್ಟು ಅದನ್ನು ಕಸದ ಬುಟ್ಟಿಗೆಸೆದು ಹೊಸ ಹತ್ತಿ ಸುತ್ತಿದ. ತಂತಿ ಈಗ ಜೇನಿನಂತೆ ಹರಿಯಿತು. ಸೀಟಿಯ ಸುಳಿವೇ ಇಲ್ಲ.

ಅಷ್ಟರಲ್ಲಿ ಎಸಿಯ ಗುಯ್‌ಗುಡುವಿಕೆಯ ಮೇಲೆ ಸೀಟಿ ಕೇಳಿತು.

ಎಸಿ ಆರಿಸಿದ. ಫ್ರಿಜ್ಜಿನಿಂದ ಕೇಳಿತು. ಒಗ್ಗರಣೆಯ ಚಟಪಟದಿಂದ ಕೇಳಿತು. ಊಟಕ್ಕೆ ಬರುವಂತೆ ರಶ್ಮಿತಾ ಕರೆದಳು. ಅವಳ ದನಿಯ ಮೇಲೆ ಇನ್ನೊಂದು ದನಿ ಸವಾರಿ ಮಾಡುತ್ತಿತ್ತು. ಅದು ಪದಗಳನ್ನು ಆಡುತ್ತಿತ್ತು. ಕಿವಿ ಮಂದ. ಅಪಸ್ವರ ಕೇಳಿಸುವುದಿಲ್ಲ. ಅವನ ಪತ್ರದ್ದೇ ಸಾಲುಗಳು. ಕಿವಿಗೆ ಬೆರಳಿಟ್ಟ. ಇನ್ನೂ ಜೋರಾಯಿತು. ಬುಟ್ಟಿಗೆ ಕೈ ಹಾಕಿದ. ಹತ್ತಿ ಇರಲಿಲ್ಲ. ಬೆರಳಿಗೆ ಬರೀ ಬೂದಿ ಹತ್ತಿತು.

ಎಡ್ನಾಳಿಗೆ ಫೋನು ಮಾಡಿದ. ಅವಳು ಬಯ್ಯಲಿಲ್ಲ. ಚೂಡಾಮಣಿಯ ನಂಬರು ಕೊಟ್ಟು, ಇದ್ದದ್ದನ್ನು ಇದ್ದ ಹಾಗೆ ಅವರಿಗೇ ಹೇಳಿಬಿಡಿ ಎಂದಳು.

“ಯಾರು?”

ಫೋನಿನಾಚೆಯ ಚೂಡಾಮಣಿಯ ದನಿಯಲ್ಲಿ ಮಾತ್ರ ಸೀಟಿ ಇರಲಿಲ್ಲ. ಗಿರಿಧರ್ ಅಡುಗೆಮನೆಯತ್ತ ನೋಡಿ, ಪತ್ರ ಬರೆದದ್ದು ತಾನೇ, ಅದರಲ್ಲಿದ್ದದ್ದೆಲ್ಲ ಸುಳ್ಳು ಎಂದು ಪಿಸುಗುಟ್ಟಿದ.

“ಕೇಳಿಸ್ತಿಲ್ಲ ಮೇಷ್ಟ್ರೇ. ಸ್ವಲ್ಪ ಜೋರಾಗಿ ಹೇಳಿ.”

ಜೋರಾಗಿ ಹೇಳಿದ.

“ಕೇಳಿಸ್ತಿಲ್ಲ.”

ಕೂಗಿದ. ಸೀಟಿ ಕಣ್ಣಿನ ಹಿಂದೆ ಸೂಜಿಯಂತೆ ಇಳಿಯಿತು. ಮತ್ತೆ ಕೂಗಿದ. ಗಂಟಲು ಹರಿಯಿತು. ಬಾಯಲ್ಲಿ ರಕ್ತದ ರುಚಿ. ಸುಳ್ಳು ಬರೆದೆ, ನಿಮ್ಮ ಕೆಲಸಕ್ಕಾಗಿ ಬರೆದೆ ಎಂದು ಗೋಡೆಗೆ ಹಣೆ ಚಚ್ಚಿಕೊಳ್ಳುತ್ತ ಅರಚಿದ.

“ಹಾಂ,” ಎಂದಳು ಚೂಡಾಮಣಿ, ಪಾಠ ಒಪ್ಪಿಸಿಕೊಂಡವಳಂತೆ. “ಈಗ ಕೇಳಿಸ್ತು.”

ತಲೆಯೊಳಗೆ ಏನೋ ಪಟ್ಟೆಂದು ತುಂಡಾಯಿತು.

ಸೀಟಿ ನಿಂತಿತು. ಕಿಟಕಿಯ ಗಾಜಿಗೆ ಮರಳು ಅಪ್ಪಳಿಸುತ್ತಲೇ ಇತ್ತು, ಸದ್ದಿಲ್ಲದೆ. ಬಾಗಿಲಲ್ಲಿ ರಶ್ಮಿತಾ ನಿಂತಿದ್ದಳು. ಅವಳ ಕೈಯ ಸೌಟು ನೆಲಕ್ಕೆ ಬಿದ್ದು ಪುಟಿಯಿತು, ಸದ್ದಿಲ್ಲದೆ. ಅವಳ ಮುಖ ಬಿಳುಚಿತ್ತು. ತುಟಿಗಳು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದವು. ಗಿರಿಧರ್ ಆ ತುಟಿಗಳನ್ನೇ ನೋಡುತ್ತ ನಿಂತ.