ಎಲ್ಲರೂ ಹೊಗಳಿದ ಎನಾಮೆಲ್ ವಾಚು

"ನಮ್ಮ ಮನಿಯವ್ರು ಕಳ್ಳರಲ್ರೀ, ಅಕ್ಕಾರ," ಎಂದು ರುದ್ರಮ್ಮ ಅಳುತ್ತ ಬಂದಾಗ ನಾನು ನೀಲಾಂಬಿಕಾ ಅವರ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಧಾರವಾಡದ ಈ ನಿವೃತ್ತ ಡಾಕ್ಟರು ಕಡಲಾಚೆಯ ಈ ವುಡ್‌ರಿಡ್ಜ್ ಊರಿನ ಕನ್ನಡಿಗರ ಖಾಸಗಿ ಪತ್ತೇದಾರರು. ಪಕ್ಕದ ಮನೆಯ ಶ್ಯಾಮ್, ಅಂದರೆ ನಾನು, ಅವರ ಡ್ರೈವರ್ ಮತ್ತು ಹೊಗಳುಭಟ್ಟ.

ಆಯುಧಪೂಜೆಯ ಸಂಜೆ ವಿಶ್ರುತ್ ಮನೆಯಲ್ಲಿ ವಾಚು ಹುಚ್ಚರ ಕೂಟ ನಡೆದಿತ್ತು. ಮುನ್ನೂರು ಮೈಲಿ ದೂರದ ಆಬರ್ನ್ ಹಿಲ್ಸ್‌ನ ಕಾರು ಎಂಜಿನಿಯರ್ ಅಶ್ವಥ್, ಬೆಳಗ್ಗೆ ತನ್ನ ಮನೆಯಲ್ಲಿ ಪೂಜೆ ಮುಗಿಸಿ, ಗಾಜಿನ ಪುಡಿ ಕರಗಿಸಿ ಮಾಡಿದ ಬಿಳಿ ಎನಾಮೆಲ್ ಡಯಲ್ಲಿನ ದುಬಾರಿ ವಾಚು ಕಟ್ಟಿಕೊಂಡು ಬಂದಿದ್ದ. ತನ್ನ ಮುಖಕ್ಕಿಂತ ಈ ಡಯಲ್ಲೇ ತನಗೆ ಚೆನ್ನಾಗಿ ಗೊತ್ತು ಎಂದು ಕೊಚ್ಚಿಕೊಂಡ. ವಾಚು ಕೈಯಿಂದ ಕೈಗೆ ಹೋಯಿತು. ಹಾಲಿನ ಕೆನೆಯಂತಿದೆ ಎಂದ ವಿಶ್ರುತ್. ಕುಲುಮೆಯಲ್ಲಿ ಕರಗಿದ ಗಾಜಿನ ಆಳ ಕಾಣುತ್ತಿದೆ ಎಂದು ರಘೋತ್ತಮ ಕಣ್ಣು ಮುಚ್ಚಿದ. ರುದ್ರಮ್ಮನ ಗಂಡ ಕಲ್ಮೇಶ್ ಮಾತ್ರ ಏನೂ ಹೇಳದೆ ಹಿಂದಿರುಗಿಸಿದ.

ಕೊನೆಗೆ ವಿಶ್ರುತ್ ಭೂತಗನ್ನಡಿ ಹಿಡಿದು ನೋಡಿದರೆ ಅದು ಬರೀ ಬಣ್ಣ ಬಳಿದ ಡಯಲ್ಲು. ಅಸಲಿಯನ್ನು ಇಲ್ಲೇ ಯಾರೋ ಬದಲಾಯಿಸಿದ್ದಾರೆ, ಬಾಯಿ ಬಿಡದವನೇ ಕಳ್ಳ ಎಂದುಬಿಟ್ಟ ಅಶ್ವಥ್. ಅವನೂ ಕಲ್ಮೇಶನೂ ಕಾಲೇಜಿನಿಂದ ಗೆಳೆಯರು. ಮರುದಿನದಿಂದಲೇ ನಮ್ಮ ಜನ ಕಲ್ಮೇಶನ ಫೋನ್ ಎತ್ತುವುದನ್ನು ಬಿಟ್ಟರು. ಡೆವನ್ ಅವೆನ್ಯೂದ ಇಂಡಿಯನ್ ಅಂಗಡಿಯಲ್ಲಿ ಕಂಡರೂ ಮುಖ ತಿರುಗಿಸಿದರು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಶ್ವಥ್ ಬಿಟ್ಟುಹೋದ ನಕಲಿ ವಾಚು ವಿಶ್ರುತ್ ಬಳಿಯೇ ಇತ್ತು; ನಾವಿಬ್ಬರೂ ಅವನ ಮನೆಗೆ ಹೋದೆವು. ಚರ್ಮದ ಪಟ್ಟಿಯ ಹೊಲಿಗೆಯಲ್ಲಿ ಕೆಂಪು ಪುಡಿ ಅಂಟಿದ್ದನ್ನು ನೀಲಾಂಬಿಕಾ ನನಗೆ ತೋರಿಸಿದರು. ನಿಮ್ಮಲ್ಲಿ ಅಂದು ಪೂಜೆ ಆಯಿತೇ ಎಂದು ಕೇಳಿದಾಗ, ಮನೆಯಲ್ಲಿ ಕುಂಕುಮವೇ ಇಲ್ಲ ಎಂದು ವಿಶ್ರುತ್ ನಕ್ಕ. ಶನಿವಾರ ಅಲ್ಲೇ ಎಲ್ಲರನ್ನೂ ಕರೆಸಿದರು.

"ಅಶ್ವಥ್, ವಾಚಿಗೆ ಪೂಜಿ ಯಾರು ಮಾಡಿದ್ರಿ?"

"ನಾನೇ, ಆಂಟಿ. ಕಾರ್ ಕೀ ಜೊತೆ ಇಟ್ಟು ಕುಂಕುಮ ಹಚ್ಚಿದೆ."

"ಆ ಕುಂಕುಮ ಈ ನಕಲಿಗೆ ಹತ್ತೇತಿ. ಅಂದ್ರ ಮುಂಜಾನೆ ನಿಮ್ಮನ್ಯಾಗ ಇದ್ದದ್ದೂ ಇದ ನಕಲಿ. ಕಲ್ಮೇಶ ಇದನ್ನ ಮುಟ್ಟಿದ್ದು ಸಂಜಿಗೆ."

ಯಾರೂ ತನ್ನ ಮೇಲೆ ತಪ್ಪು ಹೊರಿಸದಿದ್ದರೂ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ತನಗೇನೂ ಗೊತ್ತಿಲ್ಲ, ಮನೆಯಲ್ಲೇ ಯಾರೋ ಬದಲಾಯಿಸಿರಬೇಕು ಎಂದ ಅಶ್ವಥ್. ಮುಖಕ್ಕಿಂತ ಚೆನ್ನಾಗಿ ಬಲ್ಲ ಡಯಲ್ಲನ್ನು ಪೂಜಿಸಿ, ಮುನ್ನೂರು ಮೈಲಿ ಕೈಗೆ ಕಟ್ಟಿಕೊಂಡು ಬಂದವರಿಗೆ ಗೊತ್ತಾಗಲಿಲ್ಲವೇ ಎಂದು ನೀಲಾಂಬಿಕಾ ಮೆಲ್ಲಗೆ ಕೇಳಿದರು. ಆಗ ನಿಜ ಹೊರಬಿತ್ತು. ಅಸಲಿ ವಾಚು ಬಚ್ಚಲಲ್ಲಿ ಜಾರಿ ಬಿದ್ದು ಡಯಲ್ಲು ಬಿರುಕು ಬಿಟ್ಟಿತ್ತು. ವಾಚು ಹಿಡಿಯುವುದು ಹೇಗೆಂದು ಎಲ್ಲರಿಗೂ ಪಾಠ ಹೇಳುತ್ತಿದ್ದವನಿಗೆ ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗಿ ನಕಲಿ ತರಿಸಿದ್ದ. ಹಬ್ಬದ ದಿನ ವಾಚಿಗೂ ಪೂಜೆ ಮಾಡಿ ಎಂದು ಹೆಂಡತಿ ಹೇಳಿದಾಗ ಕೈಯಲ್ಲಿದ್ದುದನ್ನೇ ಬಿಚ್ಚಿಟ್ಟು ಕುಂಕುಮ ಹಚ್ಚಿದ್ದ.

ಹೊಗಳಿದವರೆಲ್ಲ ನೆಲ ನೋಡುತ್ತಿದ್ದರು. ಕಲ್ಮೇಶ್ ಎದ್ದ.

"ಕೈಯಾಗ ತಗೊಂಡ ಕೂಡ್ಲೇ ನಕಲಿ ಅಂತ ಗೊತ್ತಾತು. ಮಂದಿ ಮುಂದ ನಿನ್ನ ಮರ್ಯಾದಿ ಹೋಗಬಾರದಂತ ಸುಮ್ಮನಾದೆ. ನಾ ಯಾಕ ಸುಮ್ಮನಿದ್ದೆ ಅನ್ನೂದು ಆವತ್ತ ನಿನಗೂ ಗೊತ್ತಿತ್ತು, ಅಶ್ವಥ್."

ಅಶ್ವಥ್ ಹೌದೆಂದು ತಲೆಯಾಡಿಸಿದ. ಕಲ್ಮೇಶ್ ಹೆಂಡತಿಯ ಕೋಟು ತೆಗೆದುಕೊಟ್ಟು, ಅವಳನ್ನು ಕರೆದುಕೊಂಡು ಹೊರಗೆ ಹೋದ.