ಕೇಳದೆ ಸರಿಸಿದ ಮೇಜು

ಮಧ್ಯಾಹ್ನ ಲ್ಯಾಬ್ ಮುಗಿಸಿ ಬಂದು ಸಲೂನಿನ ಗಾಜಿನ ಬಾಗಿಲು ತಳ್ಳಿದಾಗ, ಅವಳ ಮೇಜು ಇದ್ದ ಜಾಗದಲ್ಲಿ ಇರಲಿಲ್ಲ. ಕಿಟಕಿಯ ಪಕ್ಕ, ಬೆಳಕು ಸೀದಾ ಬೀಳುವ ಕಡೆ, ಈಗ ಒಂದು ಹೂಕುಂಡ ಕೂತಿತ್ತು. ಮೇಜು, ಲ್ಯಾಂಪು, ಉಗುರುಬಣ್ಣದ ಬಾಟಲಿಗಳು ಎಲ್ಲವೂ ಒಳಗೆ ತಲೆ ತೊಳೆಯುವ ಬೇಸಿನ್ನಿನ ಪಕ್ಕಕ್ಕೆ ಹೋಗಿದ್ದವು.

"ಯಾರು ಮಾಡಿದ್ದು ಇದು?"

"ನಾನೇ," ಅಂದ ಅವನು, ಗಿರಾಕಿಯೊಬ್ಬಳ ಕಿವಿಯ ಹಿಂದಿನ ಕೂದಲು ಎತ್ತಿ ಹಿಡಿದು ಕತ್ತರಿಸುತ್ತ. "ನನ್ನ ಡ್ರೈಯರ್ ಗಾಳಿಗೆ ಕೂದಲು ಹಾರಿ ನಿಮ್ಮ ಪಾಲಿಶಿಗೆ ಅಂಟುತ್ತೆ ಅಂತ ಮೊನ್ನೆ ಕೂಗಾಡಿದ್ರಲ್ಲ. ಅಲ್ಲಿಗೆ ಗಾಳಿ ಬರಲ್ಲ."

"ಬೆಳಕೂ ಬರಲ್ಲ!"

"ಟ್ಯೂಬ್‌ಲೈಟ್ ಇದೆ."

"ಟ್ಯೂಬ್‌ಲೈಟಲ್ಲಿ ಗುಲಾಬಿ ಬಣ್ಣ ನೇರಳೆ ಥರ ಕಾಣುತ್ತೆ. ನೀವು ಕತ್ತಲಲ್ಲಿ ನಿಂತು ತಲೆಗೆ ಬಣ್ಣ ಹಾಕ್ತೀರಾ?"

ಕುರ್ಚಿಯಲ್ಲಿದ್ದ ಗಿರಾಕಿ ಗಾಬರಿಯಿಂದ ಕನ್ನಡಿ ನೋಡಿಕೊಂಡಳು. ಅವನು ನಕ್ಕ. ನಗಬಾರದಿತ್ತು.

"ಮೇಜಿಗೆ ಬಾಡಿಗೆ ಕೊಡೋದು ನಾನು. ಸರಿಸೋ ಮುಂಚೆ ಒಂದು ಮಾತು ಕೇಳಬೇಕು."

"ಕೇಳಿದ್ರೆ ಒಪ್ತಿದ್ರಾ?"

"ಇಲ್ಲ!"

"ಅದಕ್ಕೇ ಕೇಳಲಿಲ್ಲ."

ಸಲೂನು ಅವನ ಅಕ್ಕನದು. ಕತ್ತರಿ ಹಿಡಿಯುವುದೂ ಅಂಗಡಿ ನೋಡಿಕೊಳ್ಳುವುದೂ ತಮ್ಮನಾದ ಅವನ ಪಾಲಿಗೆ ಬಂದಿತ್ತು. ಅವಳು ಬೆಳಿಗ್ಗೆಯೆಲ್ಲ ಡೆಂಟಲ್ ಲ್ಯಾಬಿನಲ್ಲಿ ಕೂತು ಮೇಣದಲ್ಲಿ ಹಲ್ಲು ಕೆತ್ತುತ್ತಿದ್ದಳು. ಮಧ್ಯಾಹ್ನದ ಮೇಲೆ ಇಲ್ಲಿ ಬಂದು ಉಗುರು ತಿದ್ದುತ್ತಿದ್ದಳು. ಆ ಮೇಜು ಕಾಲೂರಿದರೆ ಲ್ಯಾಬಿನ ಕೆಲಸ ಬಿಡಬಹುದೆಂಬುದು ಅವಳ ಆಸೆ. ಅದನ್ನು ಅವಳು ಅವನ ಅಕ್ಕನ ಹತ್ತಿರ ಮಾತ್ರ ಹೇಳಿಕೊಂಡಿದ್ದಳು.

"ಬೆಳಿಗ್ಗೆ ಹಲ್ಲು, ಮಧ್ಯಾಹ್ನ ಉಗುರು," ಅಂದ ಅವನು, ಡ್ರೈಯರ್ ಕೈಗೆತ್ತಿಕೊಳ್ಳುತ್ತ. "ನಿಮ್ಮ ಎದುರಿಗೆ ನಿಲ್ಲೋಕೇ ಭಯ ಆಗುತ್ತೆ ಕಣ್ರೀ."

ಭಯವಿದ್ದ ಮುಖವಲ್ಲ ಅದು.

ಬೇಸಿನ್ನಿನ ಪಕ್ಕದ ಜಾಗಕ್ಕೆ ಇನ್ನೊಂದು ದೋಷವಿತ್ತು. ಅಲ್ಲಿ ಕೂತರೆ ಎದುರಿನ ಗೋಡೆಯುದ್ದದ ಕನ್ನಡಿಗಳೆಲ್ಲ ಕಾಣುತ್ತಿದ್ದವು. ಎಲ್ಲ ಕನ್ನಡಿಯಲ್ಲೂ ಅವನೇ. ಒಂದರಲ್ಲಿ ಅವನ ಬೆನ್ನು, ಒಂದರಲ್ಲಿ ಮಗ್ಗುಲು, ಒಂದರಲ್ಲಿ ಹಲ್ಲಿನ ನಡುವೆ ಕ್ಲಿಪ್ಪು ಕಚ್ಚಿಕೊಂಡು ಕಣ್ಣು ಕಿರಿದಾಗಿಸಿ ಕೂದಲಿನ ಅಂಚು ಅಳೆಯುವ ಮುಖ. ಅವಳು ಒಂದು ಉಗುರಿಗೆ ಬಣ್ಣ ಬಳಿದು ತಲೆಯೆತ್ತಿದರೆ ಅವನ ಕಣ್ಣು ಅಲ್ಲಿ ಕಾದಿರುತ್ತಿತ್ತು. ಅವಳು ಮುಖ ತಿರುಗಿಸುತ್ತಿದ್ದಳು. ತಿರುಗಿಸಿದ ಕಡೆಯೂ ಕನ್ನಡಿ, ಅಲ್ಲೂ ಅವನು.

"ಏನ್ ನೋಡ್ತಿದೀರಾ?" ಎಂದು ಒಂದು ದಿನ ಜೋರಾಗಿಯೇ ಕೇಳಿದಳು.

"ಸಿಟ್ಟು ಎಷ್ಟಿದೆ ಅಂತ. ನಿನ್ನೆಗಿಂತ ಸ್ವಲ್ಪ ಇಳಿದಿದೆ."

"ಈಗ ಏರಿತು."

"ಹಾಂ, ಕಂಡಿತು."

ರಾತ್ರಿ ಮನೆಯಲ್ಲಿ ಊಟಕ್ಕೆ ಕೂತರೆ ಅವಳ ಬಾಯಲ್ಲಿ ಅವನ ಗಾಳಿ, ಅವನ ನಗು, ಅವನ ದರ್ಬಾರು ಅಂತ ಶುರುವಾಗುತ್ತಿತ್ತು. ಅಣ್ಣ ತಟ್ಟೆ ಬಿಟ್ಟು ತಲೆಯೆತ್ತುತ್ತಿರಲಿಲ್ಲ. ಅತ್ತಿಗೆ ಮಾತ್ರ ಒಂದು ರಾತ್ರಿ ಬಡಿಸುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು. "ಅಲ್ಲ ಕಣೇ, ಆ ಮನುಷ್ಯನನ್ನ ಬೈಯೋದಕ್ಕೆ ವಾರಕ್ಕೊಂದು ದಿನ ರಜನಾದ್ರೂ ಕೊಡು. ನನಗೆ ಅವನ ಅಂಗಿ ಬಣ್ಣ ಕೂಡ ಬಾಯಿಪಾಠ ಆಗಿದೆ."

ಅವಳು ಸಿಟ್ಟಿನಿಂದ ಎದ್ದು ಕೈ ತೊಳೆದುಕೊಂಡಳು.

ಆಮೇಲೆ ಆ ಶನಿವಾರ ಬಂತು.

ಪಕ್ಕದ ಬೀದಿಯ ಬಟ್ಟೆ ಅಂಗಡಿಯ ಯಜಮಾನಿ ಅವನ ಹಳೆಯ ಗಿರಾಕಿ. ತಾನು ಬರುವುದಲ್ಲದೆ ಹತ್ತಾರು ಜನರನ್ನು ಕರೆತರುವ ಹೆಂಗಸು. ಸಲೂನು ತುಂಬಿ ತುಳುಕುತ್ತಿದ್ದ ಹೊತ್ತಿನಲ್ಲಿ ಬಂದವಳೇ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ನೋಡಿ ಇವಳ ಕೆಲಸ! ಉಗುರೇ ಕಿತ್ತು ಬಂದಿದೆ. ಇನ್‌ಫೆಕ್ಷನ್ ಆದ್ರೆ ಯಾರು ಜವಾಬ್ದಾರಿ?"

ಅವಳು ಎದ್ದುಹೋಗಿ ಆ ಕೈ ಹಿಡಿದು ನೋಡಿದಳು. ಎರಡು ಬೆರಳಿನಲ್ಲಿ ತಾನು ಹಚ್ಚಿದ್ದ ಜೆಲ್ ಪಾಲಿಶ್ ಇರಲಿಲ್ಲ. ಅದರ ಜೊತೆಗೆ ಉಗುರಿನ ಮೇಲ್ಪದರವೂ ಎದ್ದುಹೋಗಿ ಅಡಿಯಲ್ಲಿ ಕೆಂಪಾಗಿತ್ತು. ತಾನಾಗಿ ಬಿಟ್ಟುಕೊಂಡ ಜೆಲ್ ಹಾಗೆ ಬರುವುದಿಲ್ಲ. ಅಂಚು ಹಿಡಿದು ಎಳೆದರೆ ಮಾತ್ರ ಹಾಗಾಗುತ್ತದೆ. ಕಿತ್ತಿದ್ದು ನೀವೇ ಅಲ್ಲವೇ ಎಂಬುದನ್ನು ಇಷ್ಟು ಜನರ ಎದುರಿಗೆ ಮರ್ಯಾದೆಯಾಗಿ ಹೇಗೆ ಕೇಳುವುದೆಂದು ಅವಳು ಮಾತು ಹುಡುಕುತ್ತಿದ್ದಳು.

ಅಷ್ಟರಲ್ಲಿ ಹಿಂದಿನಿಂದ ಅವನ ದನಿ ಬಂತು.

"ಸಾರಿ ಮೇಡಂ, ನಮ್ಮಿಂದ ತಪ್ಪಾಗಿದೆ. ಇವರು ಪಾರ್ಟ್ ಟೈಮು, ಬೆಳಿಗ್ಗೆ ಬೇರೆ ಕಡೆ ದುಡಿದು ಸುಸ್ತಾಗಿ ಬಂದಿರ್ತಾರೆ. ಮನಸ್ಸಿಗೆ ಹಚ್ಕೋಬೇಡಿ, ಕೂತ್ಕೊಳ್ಳಿ."

ಯಜಮಾನಿ ಗೆದ್ದವಳಂತೆ ಕೂತಳು. ಬಾಗಿಲ ಹತ್ತಿರ ಉಗುರಿಗೆಂದೇ ಕಾಯುತ್ತಿದ್ದ ಇಬ್ಬರು ಹುಡುಗಿಯರು ಮುಖ ಮುಖ ನೋಡಿಕೊಂಡರು. "ಇನ್ನೊಂದಿನ ಬರ್ತೀವಿ," ಅಂತ ಎದ್ದು ಹೋದರು. ಸಂಜೆಯೊಳಗೆ ಮತ್ತೂ ಕೆಲವರು ಫೋನ್ ಮಾಡಿ ಬರುವುದಿಲ್ಲ ಅಂದರು. ಸಲೂನಿನವರೇ ತಪ್ಪು ಒಪ್ಪಿಕೊಂಡ ಮೇಲೆ ಕೇಳುವುದೇನಿದೆ!

ಗಿರಾಕಿಗಳೆಲ್ಲ ಹೋಗುವವರೆಗೆ ಅವಳು ತಲೆ ಬಗ್ಗಿಸಿ ಮೇಜು ಒರೆಸಿದಳು. ಹೋದ ಮೇಲೆ ಬಾಟಲಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದಳು. ಅವನು ಬಂದು ನಿಂತ.

"ಏನ್ ಮಾಡ್ತಿದೀರಾ?"

"ಕಣ್ಣು ಕಾಣ್ಸಲ್ವಾ?"

"ಆಕೆ ಎಲ್ಲರ ಎದುರು ನಿಮ್ಮ ಮೇಲೆ ಕಿರುಚ್ತಿದ್ರು. ನನಗೆ ನೋಡೋಕಾಗಲಿಲ್ಲ. ಒಂದ್ಸಲ ಸಾರಿ ಅಂದ್ರೆ ಮುಗಿಯುತ್ತೆ ಅಂತ..."

"ಮುಗೀತಲ್ಲ! ನನ್ನ ಕೆಲಸಾನೇ ಮುಗೀತು." ಅವಳು ಇನ್ನೊಂದು ಬಾಟಲಿ ಚೀಲಕ್ಕೆ ತುರುಕಿದಳು. "ಆ ಉಗುರು ಕಿತ್ತಿದ್ದು ಆಕೆ. ತಪ್ಪು ನನ್ನದಾಗಿದ್ರೆ ನಾನೇ ಹೇಳ್ತಿದ್ದೆ, ಕೈ ಮುಗಿದು ಹೇಳ್ತಿದ್ದೆ. ನನ್ನದಲ್ಲದ ತಪ್ಪನ್ನ ನನ್ನ ತಲೆಗೆ ಕಟ್ಟೋಕೆ ನೀವ್ಯಾರು? ಅಪ್ಪನಾ? ಅಣ್ಣನಾ? ಗಂಡನಾ?"

ಕೊನೆಯ ಮಾತು ಇಬ್ಬರ ನಡುವೆ ಬಿದ್ದು ಅಲ್ಲೇ ಉಳಿಯಿತು. ಅವನ ಕಿವಿ ಕೆಂಪಾಯಿತು. ತನ್ನ ಮುಖವೂ ಬಿಸಿಯಾಗಿದ್ದು ತಿಳಿದು ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಪಾರ್ಟ್ ಟೈಮಂತೆ," ಅಂದಳು, ಚೀಲದ ಜಿಪ್ಪು ಎಳೆಯುತ್ತ. "ಸುಸ್ತಂತೆ. ನಾನು ಯಾವತ್ತು ನಿಮ್ಮ ಹತ್ರ ಸುಸ್ತು ಅಂದಿದ್ದೆ?"

ಲ್ಯಾಂಪು ಚೀಲದಲ್ಲಿ ಹಿಡಿಸಲಿಲ್ಲ. ಅದನ್ನು ಅಲ್ಲೇ ಬಿಟ್ಟು ಹೊರಟಳು. ಅವನು ಬಾಗಿಲು ತೆರೆದು ಹಿಡಿದ. ಅವಳು ಅದನ್ನು ಅವನ ಕೈಯಿಂದ ಕಿತ್ತುಕೊಂಡಂತೆ ಎಳೆದು ಮುಚ್ಚಿ, ತಾನೇ ತೆರೆದುಕೊಂಡು ಹೋದಳು.

ಬೇರೆ ಸಲೂನುಗಳಲ್ಲಿ ಮೇಜು ಕೇಳಿದಳು. ಒಂದು ಕಡೆ ಜಾಗವಿಲ್ಲ ಅಂದರು. ಇನ್ನೊಂದು ಕಡೆ, "ಆ ಇನ್‌ಫೆಕ್ಷನ್ ಕೇಸು ನಿಮ್ಮದೇನಾ?" ಅಂದರು. ಲ್ಯಾಬಿನಲ್ಲಿ ಅವಳು ಕೆತ್ತಿದ ಹಲ್ಲನ್ನು ಯಜಮಾನರು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಏನಮ್ಮ, ಇದು ಮನುಷ್ಯನಿಗಾ, ಹುಲಿಗಾ?"

ಮನೆಯಲ್ಲಿ ಅವಳು ಅವನ ಸುದ್ದಿಯೆತ್ತುವುದನ್ನೇ ಬಿಟ್ಟಳು. ಅತ್ತಿಗೆಗೆ ಅದೇ ಹೆಚ್ಚು ಚಿಂತೆಯಾಯಿತು. "ಬೈಯೇ, ಸ್ವಲ್ಪ ಬೈದು ಊಟ ಮಾಡು," ಎಂದು ತಲೆ ಸವರಿದಾಗ ಅವಳಿಗೆ ಅಳು ಬಂತು. ಯಾಕೆ ಬಂತೆಂದು ಅತ್ತಿಗೆ ಕೇಳಲಿಲ್ಲ.

ಒಂದು ದಿನ ಅವನ ಅಕ್ಕ ಫೋನ್ ಮಾಡಿದರು. "ನಿನ್ನ ಲ್ಯಾಂಪು ಇಲ್ಲೇ ಇದೆಯಲ್ಲಮ್ಮ. ಮಂಗಳವಾರ ಅಂಗಡಿ ರಜ, ಬಂದು ತಗೊಂಡು ಹೋಗು. ಹಾಗೇ ನನ್ನ ತಮ್ಮನಿಗೆ ನಾಲ್ಕು ಮಾತು ಅಂದು ಹೋಗು. ನೀನು ಹೋದಾಗಿಂದ ಅಂಗಡಿ ಬಿಕೋ ಅಂತಿದೆ."

ಮಂಗಳವಾರ ಮಧ್ಯಾಹ್ನ ಅವಳು ಬಂದಾಗ ಕುರ್ಚಿಗಳ ಮೇಲೆಲ್ಲ ಟವೆಲ್ ಹೊದಿಸಿತ್ತು. ಅಕ್ಕ ಮಹಡಿಯ ಮೇಲಿದ್ದರು. ಅವನೊಬ್ಬನೇ ನೆಲ ಒರೆಸುತ್ತಿದ್ದ. ಅವಳನ್ನು ಕಂಡು ನೆಟ್ಟಗೆ ನಿಂತ. ಈ ಸಲ ನಗಲಿಲ್ಲ.

"ಬಟ್ಟೆ ಅಂಗಡಿಯವರಿಗೆ ಹೇಳಿದೆ," ಅಂದ. "ಸುಳ್ಳು ಸಾರಿ ಕೇಳಿದ್ದು ನನ್ನ ತಪ್ಪು, ಉಗುರು ಕಿತ್ತಿದ್ದು ನೀವೇ ಅಂತ. ಇಲ್ಲೇ, ನಮ್ಮ ಅಂಗಡಿ ತುಂಬಿದ್ದಾಗಲೇ ಹೇಳಿದೆ. ಟಿವಿ ನೋಡ್ತಾ ಕಿತ್ತೆ ಅಂತ ಒಪ್ಕೊಂಡ್ರು. ಆಮೇಲೆ ಈ ಕಡೆ ತಲೆ ಹಾಕಿಲ್ಲ. ಇನ್ನು ಬರಲ್ಲ ಅನ್ಸುತ್ತೆ."

ಲ್ಯಾಂಪಿನ ಕಡೆ ಹೊರಟಿದ್ದ ಅವಳು ತಿರುಗಿದಳು.

"ಅದನ್ನೂ ನನ್ನ ಕೇಳದೇನೇ ಮಾಡಿದ್ರಾ?"

"ಅದು..." ಅವನು ಒರೆಸುವ ಕೋಲನ್ನು ಗೋಡೆಗೊರಗಿಸಿದ. ಅದು ಜಾರಿ ದಢಾರನೆ ಬಿತ್ತು. "ಅಕ್ಕನೂ ಹಾಗೇ ಬೈದಳು."

"ನಾನು ಅಲ್ಲಿರಬೇಕಿತ್ತು. ಆಕೆ ಮುಖ ನಾನು ನೋಡಬೇಕಿತ್ತು!"

"ಹೌದು."

"ನನ್ನ ಜಗಳಾನೂ ನೀವೇ ಆಡಿ ಮುಗಿಸಿಬಿಟ್ರಿ!"

"ಹೌದು ಕಣ್ರೀ. ತಪ್ಪು."

ಕೋಲು ಎತ್ತಲು ಬಗ್ಗಿದ ಅವನ ಕೈ ಅವಳ ಕಣ್ಣಿಗೆ ಬಿತ್ತು. ಶಾಂಪೂ, ಕಲರ್, ಬಿಸಿಗಾಳಿಗಳಲ್ಲಿ ಬೆಂದ ಕೈ. ಬೆರಳ ಸಂದಿಯಲ್ಲಿ ಚರ್ಮ ಬಿರಿದು ರಕ್ತ ಒಣಗಿತ್ತು. ಇಷ್ಟು ದಿನ ಕನ್ನಡಿಯಲ್ಲಿ ಕಣ್ಣುಗಳ ಜೊತೆ ಜಗಳವಾಡಿದ್ದಳೇ ಹೊರತು ಕೈಯನ್ನು ಹತ್ತಿರದಿಂದ ನೋಡಿರಲಿಲ್ಲ.

"ಕೂತ್ಕೊಳ್ಳಿ," ಅಂದಳು.

"ಎಲ್ಲಿ?"

"ಉಗುರಿನ ಮೇಜಿಗೆ ಇನ್ನೆಲ್ಲಿ ಕೂತ್ಕೊಳ್ತಾರೆ? ಕೈ ಕೊಡಿ."

ಅವನು ಕೂತ. ಬೋಗುಣಿಯ ಉಗುರುಬೆಚ್ಚಗಿನ ನೀರಿನಲ್ಲಿ ಅವಳು ಅವನ ಬೆರಳುಗಳನ್ನು ಮುಳುಗಿಸಿದಳು, ಹಗುರವಾಗಿ ಒರೆಸಿದಳು, ಬಿರುಕುಗಳಿಗೆ ಮುಲಾಮು ಒತ್ತಿದಳು. ಅವನು ಉಸಿರೆಳೆದುಕೊಂಡ.

"ಉರಿಯುತ್ತಾ?"

"ಸ್ವಲ್ಪ."

"ಉರೀಲಿ." ಆದರೆ ಅವಳ ಹೆಬ್ಬೆರಳು ಇನ್ನೂ ಮೆತ್ತಗಾಯಿತು. "ಈಗ ಎದ್ದು ಹೋಗೋಕಾಗಲ್ಲ, ಕೈ ನನ್ನ ಹತ್ರ ಇದೆ. ಕೇಳಿಸ್ಕೊಳ್ಳಿ. ನಿಮ್ಮನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಲ್ಯಾಬಲ್ಲಿ ಹಲ್ಲು ಕೆತ್ತೋವಾಗ ಉರಿಯುತ್ತೆ, ಬಸ್ಸಲ್ಲಿ ಉರಿಯುತ್ತೆ. ಅತ್ತಿಗೆ ಅಂತೂ ನನ್ನ ನೋಡಿ ನಗ್ತಾಳೆ. ಇದು ಬರೀ ಸಿಟ್ಟೇ ಆಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು! ಬೇರೆ ಮೇಜು ಹುಡ್ಕೊಂಡು ಹೋಗ್ತಿದ್ದೆ. ಮರೆತೂಬಿಡ್ತಿದ್ದೆ."

ಬೇಸಿನ್ನಿನ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನ ಬೆರಳುಗಳು ಅವಳ ಅಂಗೈಯಲ್ಲಿ ನಿಧಾನವಾಗಿ ಮಡಚಿಕೊಂಡವು, ಹಿಡಿಯಲೋ ಬೇಡವೋ ಎಂಬಂತೆ.

"ಅಲ್ಲಾಡಿಸಬೇಡಿ," ಅಂದಳು, ಬಿಡಿಸಿಕೊಳ್ಳದೆ.

ಮೆಟ್ಟಿಲಿನ ಮೇಲಿಂದ ಅಕ್ಕ ಕೂಗಿದರು. "ಏನಂತೆ ಕಣೋ? ಮೇಜು ಇಟ್ಕೊಳ್ತಾಳಂತಾ, ಬಿಡ್ತಾಳಂತಾ?"

ಅವನು ಉತ್ತರ ಕೊಡಲು ಬಾಯಿ ತೆರೆದ. ಅವಳ ಮುಖ ನೋಡಿದ. ಬಾಯಿ ಮುಚ್ಚಿಕೊಂಡ.

"ನಾಳೆಯಿಂದ ಬರ್ತೀನಿ ಅಕ್ಕ!" ಎಂದು ಅವಳೇ ಕೂಗಿದಳು. ಮೇಲೆ ಬಾಗಿಲು ಮುಚ್ಚಿದ ಸದ್ದಾಯಿತು, ಬೇಕೆಂದೇ ಸ್ವಲ್ಪ ಜೋರಾಗಿ.

"ಒಂದು ಮಾತು ಕೇಳಲಾ?" ಅಂದ ಅವನು. "ಎಷ್ಟೋ ಸಲ ಕೇಳಬೇಕು ಅಂತ ಬಂದೆ. ಬಂದಾಗೆಲ್ಲ ತಮಾಷೆ ಮಾಡಿ ನಿಮ್ಮ ಸಿಟ್ಟು ಏರಿಸಿ ವಾಪಸ್ ಹೋದೆ. ಇಲ್ಲ ಅಂದ್ಬಿಟ್ರೆ ಅನ್ನೋ ಭಯಕ್ಕೆ ನಾನು ಯಾವುದನ್ನೂ ಕೇಳೋದೇ ಇಲ್ಲ, ಮಾಡಿಬಿಡ್ತೀನಿ. ಇದನ್ನ ಹಾಗೆ ಮಾಡೋಕಾಗಲ್ಲ."

"ಕೇಳಿ."

"ನಾನು ನಿಮ್ಮನ್ನ ಪ್ರೀತಿಸ್ತೀನಿ. ಅದು ಕೇಳೋದಲ್ಲ, ಅದು ಆಗಿಹೋಗಿದೆ. ಕೇಳೋದು ಏನಂದ್ರೆ..." ಅವನು ಕೈಯಿಂದ ಕಣ್ಣೆತ್ತಿ ಅವಳನ್ನು ನೋಡಿದ. "ನನ್ನ ಜೊತೆ ಇರ್ತೀರಾ? ಇಷ್ಟೇ ಸಿಟ್ಟು ಇಟ್ಕೊಂಡು ಬಂದ್ರೂ ಸರಿ."

ಅವಳು ಅವನ ಕೈಯನ್ನೇ ನೋಡುತ್ತ ಕೂತಿದ್ದಳು. ಹೇಳಬೇಕೆಂದುಕೊಂಡ ಬಿರುಸಾದ ಮಾತುಗಳೆಲ್ಲ ಎಲ್ಲಿಗೋ ಹೋಗಿದ್ದವು.

"ಹೂಂ," ಅಂದಳು.

ದನಿ ಅಷ್ಟು ಮೆತ್ತಗೆ ಬಂದಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ರೇಗಿತು. ಅವನು ಸರಿಯಾಗಿ ಕೇಳಿಸಿಕೊಂಡನೋ ಇಲ್ಲವೋ, ಕಣ್ಣು ಪಿಳುಕಿಸದೆ ಇನ್ನೂ ಕಾಯುತ್ತಿದ್ದ. ಅವಳು ಎರಡೂ ಕೈಯಲ್ಲಿ ಅವನ ಕೈಯನ್ನು ಬಿಗಿಯಾಗಿ ಹಿಡಿದು, ಖಾಲಿ ಸಲೂನು ಗುಂಯ್ ಅನ್ನುವಂತೆ ಕೂಗಿದಳು:

"ಹೂಂ ಅಂದ್ನಲ್ರೀ!"